ಕಬ್ಬಿನ ಪಾಳಿಯೂ ಗಣಕಯಂತ್ರದ ಲೆಕ್ಕವೂ

ದೀಪಾವಳಿಯ ಹಣತೆಗಳು ಆರುವ ಹೊತ್ತಿಗೆ ನಮ್ಮ ಗಡಿಸೀಮೆಯ ರಸ್ತೆಗಳ ಮೇಲೆ ಕಬ್ಬಿನ ಗಾಡಿಗಳ ಸಾಲು ಕಾಣಿಸಿಕೊಳ್ಳುತ್ತದೆ. ಬೇಡಕಿಹಾಳ, ಶಮನೇವಾಡಿ, ಭೋಜ, ಸದಲಗಾ, ಹೀಗೆ ಯಾವ ಊರಿನ ಹಾದಿಯಲ್ಲಿ ನಿಂತರೂ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ. ಹೊಲದ ಬದುಗಳಲ್ಲಿ ದೂರದೂರಿನಿಂದ ಬಂದ ಕಟಾವಿನವರ ಗುಡಿಸಲುಗಳು ಏಳುತ್ತವೆ. ಆ ದಿನಗಳಲ್ಲಿ ನಮ್ಮ ಮನೆಗಳ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಸೊಸೈಟಿಯ ಬಾಗಿಲಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ನಮ್ಮ ಕಬ್ಬಿನ ಪಾಳಿ ಯಾವಾಗ?’

ಹಿಂದೆ ಈ ಪ್ರಶ್ನೆಗೆ ಉತ್ತರವನ್ನು ಫೀಲ್ಡ್‌ಮನ್ನನ ಕೈಯಲ್ಲಿಯ ವಹಿಯಲ್ಲಿ ಹುಡುಕಬೇಕಾಗಿತ್ತು. ಇಂದು ಅದೇ ಉತ್ತರವನ್ನು ‘ಕಂಪ್ಯೂಟರದಾಗ ನೋಡಬೇಕ್ರಿ’ ಎನ್ನುತ್ತಾರೆ. ವಹಿಯ ಜಾಗಕ್ಕೆ ಗಣಕಯಂತ್ರ ಬಂದುದು ಒಳ್ಳೆಯದಾಯಿತೋ, ಇಲ್ಲವೋ? ಆ ಯಂತ್ರದೊಳಗೆ ನಮ್ಮ ಪಾಳಿ ಯಾವ ನ್ಯಾಯದಿಂದ ಗೊತ್ತಾಗುತ್ತದೆ? ಒಕ್ಕಲುತನದ ಮನೆತನಗಳೇ ಹೆಚ್ಚಾಗಿರುವ ನಮ್ಮ ಓದುಗ ಬಳಗವು ಇದನ್ನು ತಿಳಿದುಕೊಳ್ಳುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪಾಳಿಯ ಬೆಲೆ

ಕಬ್ಬು ಎಂಬುದು ಜೋಳದಂತೆ ಹಗೇವಿನಲ್ಲಿಟ್ಟು ಕಾಯಬಹುದಾದ ಬೆಳೆಯಲ್ಲ. ಅದು ಹೊಲದಲ್ಲಿ ನಿಂತೇ ಪಕ್ವವಾಗಬೇಕು, ಪಕ್ವವಾದ ಮೇಲೆ ಕಡಿಯಬೇಕು, ಕಡಿದ ಮೇಲೆ ತಡಮಾಡದೆ ನುರಿಸಬೇಕು. ಜುಲೈ-ಆಗಸ್ಟಿನಲ್ಲಿ ನಾಟಿ ಮಾಡಿದ ಅಡಸಾಲಿ ಕಬ್ಬಿಗೆ ಹದಿನಾರರಿಂದ ಹದಿನೆಂಟು ತಿಂಗಳು ಬೇಕು. ಜನವರಿ-ಫೆಬ್ರವರಿಯ ಸುರು ಕಬ್ಬಿಗೆ ಹನ್ನೆರಡು ತಿಂಗಳು ಸಾಕು. ಕೂಳೆಯಂತೂ ಇನ್ನೂ ಬೇಗ ಕೈಗೆ ಬರುತ್ತದೆ. ತಳಿಯಿಂದ ತಳಿಗೂ ಈ ಅವಧಿ ಬೇರೆ. ಅವಧಿಗೆ ಮುನ್ನ ಕಡಿದರೆ ರಸದಲ್ಲಿ ಸಕ್ಕರೆ ಕೂಡಿಕೊಂಡಿರುವುದಿಲ್ಲ. ಅವಧಿ ಮೀರಿ ನಿಂತರೆ ಕಬ್ಬು ಹೂಬಿಟ್ಟು, ಒಳಗೆ ಬೆಂಡಾಗಿ, ತೂಕವೂ ಸಿಹಿಯೂ ಇಳಿಯುತ್ತವೆ. ಕಡಿದು ಬಿಸಿಲಿನಲ್ಲಿ ಬಿದ್ದರಂತೂ ಕಬ್ಬಿನೊಳಗಿನ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಎಂಬ ಬೇರೆ ಸಕ್ಕರೆಗಳಾಗುತ್ತದೆ. ಅವು ಹರಳುಗಟ್ಟುವುದಿಲ್ಲ, ಕಾಕಂಬಿಯ ಪಾಲಾಗುತ್ತವೆ. ಆದುದರಿಂದಲೇ ಕಡಿದ ಕಬ್ಬು 24 ತಾಸುಗಳ ಒಳಗೆ ಗಾಣ ಸೇರಬೇಕೆಂದು ತಜ್ಞರು ಹೇಳುವುದು.

ಇದರಲ್ಲಿ ಒಬ್ಬರ ನಷ್ಟ ಒಬ್ಬರದೇ ಆಗಿ ಉಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಕೇಂದ್ರ ಸರಕಾರವು 2025-26ರ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ನ್ಯಾಯಸಮ್ಮತ ಬೆಲೆಯನ್ನು ನಿಗದಿ ಮಾಡಿತು. ಇಳುವರಿ ಶೇ. 0.1ರಷ್ಟು ಏರಿದರೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು, ಶೇ. 9.5ರವರೆಗೆ ಇಳಿದರೆ ಅದೇ ಲೆಕ್ಕದಲ್ಲಿ ಕಡಿಮೆ. ಈ ಇಳುವರಿಯನ್ನು ಒಬ್ಬೊಬ್ಬ ರೈತನ ಹೊಲಕ್ಕೆ ಬೇರೆ ಬೇರೆಯಾಗಿ ಎಣಿಸುವುದಿಲ್ಲ; ಇಡೀ ಕಾರ್ಖಾನೆಯ ಸರಾಸರಿಯನ್ನು ಹಿಡಿಯುತ್ತಾರೆ. ವರ್ಷಕ್ಕೆ 7.5 ಲಕ್ಷ ಟನ್ ನುರಿಸುವ ಕಾರ್ಖಾನೆಯೊಂದರಲ್ಲಿ ಎಳೆಗಬ್ಬು, ಒಣಗಬ್ಬುಗಳ ದೆಸೆಯಿಂದ ಇಳುವರಿ ಶೇ. 0.1ರಷ್ಟು ಕುಸಿದರೆ, ಬೆಲೆಯ ಈ ಲೆಕ್ಕದಂತೆ ರೈತರೆಲ್ಲರ ಪಾಲಿನಿಂದ ಎರಡೂವರೆ ಕೋಟಿ ರೂಪಾಯಿಗೂ ಮಿಕ್ಕಿ ಹೋಗುತ್ತದೆ. ಸುಳ್ಳು ಪಾಳಿಯಲ್ಲಿ ಒಂದು ಮನೆಯ ಕಬ್ಬು ಮುಂದೆ ನುಗ್ಗಿದರೆ ಊರೆಲ್ಲ ತೆರಬೇಕಾದ ದಂಡವಿದು.

ಗಾಣದ ಗಣಿತ

ಕಾರ್ಖಾನೆಯ ಬಾಗಿಲಿನ ಒಳಗಿನಿಂದ ಈ ಸಮಸ್ಯೆ ಹೇಗೆ ಕಾಣುತ್ತದೆಂಬುದನ್ನೂ ನೋಡೋಣ. ನಮ್ಮ ಭಾಗವು ಸಕ್ಕರೆಯ ಸೀಮೆ. ಇಂದಿನ ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಲ್ಲಿಯೇ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳನ್ನು ರೈತರೇ ಷೇರು ಹಾಕಿ ಕಟ್ಟಿದರು. ಬೇಡಕಿಹಾಳದಲ್ಲಿಯೇ ಒಂದು ಖಾಸಗಿ ಕಾರ್ಖಾನೆಯಿದೆ. ಗಡಿ ದಾಟಿದರೆ ಹುಪರಿ, ಶಿರೋಳ, ಕಾಗಲಗಳ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ.

ದಿನಕ್ಕೆ 5,000 ಟನ್ ನುರಿಸುವ ಒಂದು ಕಾರ್ಖಾನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಎಕರೆಗೆ 40 ಟನ್ ಎಂದು ಹಿಡಿದರೆ ಅದಕ್ಕೆ ಪ್ರತಿದಿನ 125 ಎಕರೆಯ ಕಬ್ಬು ಬೇಕು. ಒಂದು ಟ್ರ್ಯಾಕ್ಟರು ಎರಡು ಟ್ರೇಲರುಗಳಲ್ಲಿ 20 ಟನ್ ತರುವುದಾದರೆ ದಿನಕ್ಕೆ 250 ಗಾಡಿಗಳು ಕಾಟಾದ ಮೇಲೆ ನಿಲ್ಲಬೇಕು, ಅಂದರೆ ಹಗಲೂ ರಾತ್ರಿಯೂ ಆರು ನಿಮಿಷಕ್ಕೊಂದು ಗಾಡಿ. ಗಂಡಹೆಂಡಿರ ಒಂದು ಕೊಯ್ತಾ ದಿನಕ್ಕೆ ಎರಡು ಟನ್ ಕಡಿಯುತ್ತದೆಂದುಕೊಂಡರೂ 2,500 ಜೋಡಿಗಳು ಬೇರೆ ಬೇರೆ ಊರುಗಳ ಹೊಲಗಳಲ್ಲಿ ಏಕಕಾಲಕ್ಕೆ ದುಡಿಯುತ್ತಿರಬೇಕು. ಗಾಡಿಗಳು ಕಡಿಮೆ ಬಂದರೆ ಗಾಣ ನಿಲ್ಲುತ್ತದೆ. ಗಾಣ ನಿಂತರೆ ಬಾಯ್ಲರಿಗೆ ಸಿಪ್ಪೆಯಿಲ್ಲ, ಸಿಪ್ಪೆಯಿಲ್ಲದಿದ್ದರೆ ಉಗಿಯಿಲ್ಲ. ಗಾಡಿಗಳು ಹೆಚ್ಚು ಬಂದರೆ ಅಂಗಳದಲ್ಲಿ ಎರಡು-ಮೂರು ದಿನ ಸಾಲುಗಟ್ಟಿ ಕಬ್ಬು ಒಣಗುತ್ತದೆ. ಚಾಲಕನು ಗಾಡಿಯ ಕೆಳಗೇ ಮಲಗುತ್ತಾನೆ. ಎಷ್ಟು ಬೇಕೋ ಅಷ್ಟು, ಯಾವಾಗ ಬೇಕೋ ಆವಾಗ ಬರಬೇಕು. ಇದನ್ನು ಸಾಧಿಸುವುದೇ ಉತ್ಪಾದನೆಯ ಯೋಜನೆ, ಉತ್ಪಾದನೆಯ ವೇಳಾಪಟ್ಟಿ ಎಂಬ ಎರಡು ಕೆಲಸಗಳ ಉದ್ದೇಶ.

ದಾಸೋಹದ ಕೊಪ್ಪರಿಗೆ

ಯೋಜನೆಗೂ ವೇಳಾಪಟ್ಟಿಗೂ ಇರುವ ಭೇದವು ನಮ್ಮ ತಾಯಂದಿರಿಗೆ ತಿಳಿಯದ್ದೇನಲ್ಲ. ಜಾತ್ರೆಯ ದಾಸೋಹವನ್ನು ನೆನೆದುಕೊಂಡರೆ ಸಾಕು. ಐದು ಸಾವಿರ ಜನ ಪ್ರಸಾದಕ್ಕೆ ಬರುತ್ತಾರೆ. ಗೋಧಿ ಎಷ್ಟು, ಬೆಲ್ಲ ಎಷ್ಟು, ಅಕ್ಕಿ-ಬೇಳೆ ಎಷ್ಟು, ಕಟ್ಟಿಗೆ ಎಷ್ಟು ಎಂದು ಹದಿನೈದು ದಿನ ಮುಂಚೆ ಕುಳಿತು ಹಾಕುವ ಲೆಕ್ಕ ಯೋಜನೆ. ಮಧ್ಯಾಹ್ನ ಹನ್ನೆರಡಕ್ಕೆ ಪಂಕ್ತಿ ಕೂಡಬೇಕಾದರೆ ಹುಗ್ಗಿಯ ಗೋಧಿಯನ್ನು ಹಿಂದಿನ ರಾತ್ರಿ ಯಾವಾಗ ನೆನೆಯಿಡಬೇಕು, ಯಾವ ಒಲೆಯ ಮೇಲೆ ಮೊದಲು ಹುಗ್ಗಿ ಏರಬೇಕು, ಅದು ಇಳಿದ ಮೇಲೆ ಅದೇ ಒಲೆಗೆ ಅನ್ನದ ಎಸರು ಎಷ್ಟು ಗಂಟೆಗೆ ಇಡಬೇಕು ಎಂಬ ಲೆಕ್ಕ ವೇಳಾಪಟ್ಟಿ. ಮೊದಲನೆಯದು ಏನು, ಎಷ್ಟು ಎಂಬುದನ್ನು ಹೇಳುತ್ತದೆ. ಎರಡನೆಯದು ಯಾವಾಗ, ಎಲ್ಲಿ, ಯಾರು ಎಂಬುದನ್ನು ಹೇಳುತ್ತದೆ.

ಅಡುಗೆಯ ಹಿರಿಯರಿಗೆ ಇನ್ನೂ ಒಂದು ಮಾತು ಗೊತ್ತಿರುತ್ತದೆ. ತರಕಾರಿ ಹೆಚ್ಚುವವರು ನೂರು ಮಂದಿ ಬಂದರೂ ಊರಲ್ಲಿರುವ ದೊಡ್ಡ ಕೊಪ್ಪರಿಗೆಗಳು ಎರಡೇ ಆದರೆ, ಅಡುಗೆಯ ವೇಗವೆಲ್ಲ ಆ ಎರಡು ಕೊಪ್ಪರಿಗೆಗಳ ವೇಗವೇ. ಕಾರ್ಖಾನೆಯಲ್ಲಿಯೂ ಹಾಗೆಯೇ. ಎಲ್ಲೋ ಒಂದು ಕಡೆ ಅತ್ಯಂತ ಇಕ್ಕಟ್ಟಾದ ಹಾದಿ ಇರುತ್ತದೆ: ಒಮ್ಮೆ ಗಾಣ, ಒಮ್ಮೆ ಸಕ್ಕರೆ ಕುದಿಸುವ ಪ್ಯಾನ್, ಒಮ್ಮೆ ಕಾಟಾ, ಬಹುಸಲ ಕಟಾವಿನ ಗ್ಯಾಂಗ್. ಅದನ್ನು ಗುರುತಿಸಿ, ಅದು ಖಾಲಿ ಕೂಡದಂತೆಯೂ ಅದರ ಮುಂದೆ ರಾಶಿ ಬೀಳದಂತೆಯೂ ಉಳಿದೆಲ್ಲ ಕೆಲಸಗಳನ್ನು ಹೊಂದಿಸುವುದೇ ಒಳ್ಳೆಯ ವೇಳಾಪಟ್ಟಿಯ ಗುಟ್ಟು.

ಕಾಗದದಿಂದ ಗಣಕಯಂತ್ರಕ್ಕೆ

ಹತ್ತೇ ಹೊಲಗಳನ್ನು ಒಂದೇ ಗ್ಯಾಂಗಿಗೆ ಒಪ್ಪಿಸಿದರೆ ಅವನ್ನು ಒಂದರ ನಂತರ ಒಂದರಂತೆ ಕಡಿಯುವ ಕ್ರಮಗಳು 36,28,800 ಆಗುತ್ತವೆ. ಇವುಗಳಲ್ಲಿ ಯಾವುದು ಉತ್ತಮವೆಂದು ಯಾವ ಜಾಣ ಗುಮಾಸ್ತನೂ ಬಾಯಿಲೆಕ್ಕದಲ್ಲಿ ಹೇಳಲಾರನು. ಹೊಲಗಳು ಹತ್ತಲ್ಲ, ಸಾವಿರಾರು, ಗ್ಯಾಂಗುಗಳು ನೂರಾರು.

ಈ ತೊಡಕನ್ನು ಬಿಡಿಸಲು ಇಪ್ಪತ್ತನೆಯ ಶತಮಾನದ ಗಣಿತಜ್ಞರೂ ಇಂಜಿನಿಯರರೂ ಹಂತಹಂತವಾಗಿ ಶ್ರಮಿಸಿದರು. ಅಮೆರಿಕೆಯ ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರು ಪ್ರತಿ ಕೆಲಸವನ್ನೂ ಒಂದು ಅಡ್ಡಪಟ್ಟಿಯಂತೆ ಬರೆದು, ಯಾವುದು ಯಾವಾಗ ಆರಂಭವಾಗಿ ಯಾವಾಗ ಮುಗಿಯುವುದೆಂದು ಒಂದೇ ನೋಟಕ್ಕೆ ತೋರಿಸುವ ನಕ್ಷೆಯನ್ನು 1910ರ ದಶಕದಲ್ಲಿ ಬಳಕೆಗೆ ತಂದನು. ಇಂದಿಗೂ ಅದು ಅವನ ಹೆಸರಿನಲ್ಲಿಯೇ ಇದೆ. 1939ರಲ್ಲಿ ಲೆನಿನ್‌ಗ್ರಾಡಿನ ಲಿಯೊನಿಡ್ ಕಾಂಟೊರೊವಿಚ್ ಎಂಬ ಗಣಿತಜ್ಞನು ಪ್ಲೈವುಡ್ ತಯಾರಿಕೆಯ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದ ಹೊರಟು, ಇರುವ ಸಾಧನಗಳಲ್ಲಿ ಹೆಚ್ಚಿನ ಫಲ ಪಡೆಯುವ ಗಣಿತವನ್ನೇ ಕಟ್ಟಿದನು. 1975ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. 1947ರಲ್ಲಿ ಅಮೆರಿಕೆಯ ಜಾರ್ಜ್ ಡಾಂಟ್ಜಿಗ್ ಅಂಥ ಲೆಕ್ಕಗಳನ್ನು ಹಂತಹಂತವಾಗಿ ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ಕಂಡುಹಿಡಿದನು. 1960ರ ದಶಕದಲ್ಲಿ ಜೋಸೆಫ್ ಓರ್ಲಿಕಿ ಮೊದಲಾದವರು ಗಣಕಯಂತ್ರದ ನೆರವಿನಿಂದ ಕಚ್ಚಾಮಾಲಿನ ಅಗತ್ಯವನ್ನು ಎಣಿಸುವ ಎಂ.ಆರ್.ಪಿ. ಎಂಬ ಪದ್ಧತಿಯನ್ನು ಬೆಳೆಸಿದರು. ಅದರಿಂದ ಮುಂದೆ ಇಡೀ ಸಂಸ್ಥೆಯ ಲೆಕ್ಕವನ್ನು ಒಂದೇ ಕಡೆ ಇಡುವ ಇ.ಆರ್.ಪಿ. ತಂತ್ರಾಂಶಗಳು ಬಂದವು.

ಹಳೆಯ ಎಂ.ಆರ್.ಪಿ.ಯಲ್ಲಿ ಒಂದು ಕೊರತೆಯಿತ್ತು. ಯಂತ್ರಗಳಿಗೆ ಮಿತಿಯೇ ಇಲ್ಲವೆಂಬಂತೆ ಅದು ಲೆಕ್ಕ ಹಾಕುತ್ತಿತ್ತು. ಕೊಪ್ಪರಿಗೆ ಎರಡೇ ಎಂಬುದನ್ನು ಮರೆತು ಹುಗ್ಗಿಗೂ ಅನ್ನಕ್ಕೂ ಒಂದೇ ಹೊತ್ತು ಬರೆದಂತೆ. ಇತ್ತೀಚಿನ ಮುಂದುವರಿದ ಯೋಜನಾ ತಂತ್ರಾಂಶಗಳು ಪ್ರತಿ ಯಂತ್ರದ, ಪ್ರತಿ ಆಳಿನ, ಪ್ರತಿ ಗಾಡಿಯ ಮಿತಿಯನ್ನು ಮುಂದಿಟ್ಟುಕೊಂಡೇ ವೇಳಾಪಟ್ಟಿಯನ್ನು ಹೆಣೆಯುತ್ತವೆ. ಒಂದು ಯಂತ್ರ ಕೆಟ್ಟರೆ ಉಳಿದ ಕೆಲಸಗಳನ್ನೆಲ್ಲ ಮತ್ತೆ ಹೊಂದಿಸಿ ಹೊಸ ಪಟ್ಟಿಯನ್ನು ಕೊಡುತ್ತವೆ. ಇದು ದೂರದ ಮಾತಲ್ಲ. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಲೋಹವನ್ನು ಬಡಿದು ರೂಪಿಸುವುದು, ಕೊರೆಯುವುದು, ಮೇಲ್ಮೈಗೆ ಲೇಪ ಕೊಡುವುದು ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಸಾವಿರಾರು ಬಗೆಯ ಭಾಗಗಳು ಹತ್ತಾರು ಯಂತ್ರಗಳ ಮೂಲಕ ಹಾದು, ಹೇಳಿದ ದಿನಕ್ಕೆ ಸಮುದ್ರದಾಚೆಯ ಗಿರಾಕಿಗೆ ಮುಟ್ಟಬೇಕಾದ ಇಂಥ ಉದ್ಯಮವು ಗಣಕಯಂತ್ರದ ಯೋಜನೆಯಿಲ್ಲದೆ ನಡೆಯುವಂಥದಲ್ಲ. ಹಳ್ಳಿಗಳಿಂದ ಇಂಥ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ತರುಣ ತರುಣಿಯರು ಈ ವಿದ್ಯೆಯನ್ನು ನಿತ್ಯ ನೋಡುತ್ತಿರುತ್ತಾರೆ.

ಕಬ್ಬಿಗೆ ಬಂದಾಗ

ವಿಮಾನದ ಭಾಗಕ್ಕೂ ಕಬ್ಬಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಉಕ್ಕು ಕಪಾಟಿನಲ್ಲಿ ಕಾಯುತ್ತದೆ, ಕಬ್ಬು ಕಾಯುವುದಿಲ್ಲ. ಆದ್ದರಿಂದ ಸಕ್ಕರೆ ಕಾರ್ಖಾನೆಯ ಯೋಜನೆ ಗಾಣದಿಂದಲ್ಲ, ಹೊಲದಿಂದಲೇ ಆರಂಭವಾಗಬೇಕು. ನಾಟಿಯಾದ ಮೇಲೆ ರೈತನ ಹೆಸರು, ಸರ್ವೆ ನಂಬರು, ಕ್ಷೇತ್ರ, ತಳಿ, ನಾಟಿಯ ತಾರೀಖು, ಲಾವಣಿಯೋ ಕೂಳೆಯೋ ಎಂಬ ವಿವರಗಳು ನೋಂದಣಿಯಾಗುತ್ತವೆ. ಹೊಲದ ಮೂಲೆಗಳಲ್ಲಿ ನಿಂತು ಮೊಬೈಲಿನ ಜಿ.ಪಿ.ಎಸ್. ಮೂಲಕ ಕ್ಷೇತ್ರವನ್ನು ಅಳೆಯುವ ಕ್ರಮವೂ ಬಂದಿದೆ. ಹಂಗಾಮು ಸಮೀಪಿಸಿದಾಗ ಹೊಲದಿಂದ ನಮೂನೆಯ ಜಲ್ಲೆಗಳನ್ನು ತಂದು ರಸದ ಬ್ರಿಕ್ಸ್ ನೋಡುತ್ತಾರೆ. ಇಷ್ಟೆಲ್ಲ ತಂತ್ರಾಂಶದೊಳಗೆ ಸೇರಿದ ಮೇಲೆ ಅದು ಪಕ್ವತೆಯ ಕ್ರಮದಲ್ಲಿ ಹೊಲಗಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಮಗ್ಗುಲಿನ ಹೊಲಗಳನ್ನು ಒಂದು ಗ್ಯಾಂಗಿಗೆ ಕೂಡಿಸಿ, ಗಾಡಿಗಳನ್ನು ಹಂಚಿ, ಕಟಾವಿನ ಆಜ್ಞೆಯನ್ನು ಹೊರಡಿಸಬಲ್ಲದು. ಕಾಟಾದ ಮೇಲೆ ಗಾಡಿ ನಿಂತೊಡನೆ ತೂಕವು ಅದೇ ಲೆಕ್ಕಕ್ಕೆ ಬಂದು ಸೇರಿ, ರೈತನ ಮೊಬೈಲಿಗೆ ಸಂದೇಶ ಹೋಗಬಲ್ಲದು.

ಲೆಕ್ಕವು ಒಮ್ಮೆ ಹಾಕಿ ಮುಗಿಯುವಂಥದೂ ಅಲ್ಲ. ಅಕಾಲದ ಮಳೆ ಬಂದು ಕರಿ ಮಣ್ಣಿನ ಹೊಲಕ್ಕೆ ಗಾಡಿ ಇಳಿಯದಾದರೆ ಮಡ್ಡಿಯ ಹೊಲಗಳನ್ನು ಮುಂದೆ ತರಬೇಕು. ಸರಕಾರದ ಒಂದು ಆಜ್ಞೆಯಿಂದಲೂ ಯೋಜನೆ ತಲೆಕೆಳಗಾಗಬಹುದು. 2023ರ ಡಿಸೆಂಬರ್ 7ರಂದು ಕೇಂದ್ರ ಸರಕಾರವು ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್ ತಯಾರಿಸುವುದನ್ನು ತಡೆಯಿತು. ಕೆಲವೇ ದಿನಗಳಲ್ಲಿ ಮಿತಿಯೊಂದನ್ನು ಹಾಕಿ ಸಡಿಲಿಸಿತು. ಹಂಗಾಮಿನ ನಡುವೆ ಕಾರ್ಖಾನೆಗಳು ಎಷ್ಟು ರಸ ಸಕ್ಕರೆಗೆ, ಎಷ್ಟು ಎಥೆನಾಲಿಗೆ ಎಂಬ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಯಿತು. ಇಂಥ ಹೊತ್ತಿನಲ್ಲಿ ದಿನಗಟ್ಟಲೆಯ ಕೆಲಸವನ್ನು ಗಳಿಗೆಯಲ್ಲಿ ಮಾಡುವುದೇ ತಂತ್ರಾಂಶದ ದೊಡ್ಡ ಉಪಕಾರ.

ಪರಸ್ಥಳದ ಪಾಠಗಳು

ಬೇರೆಡೆಯ ಅನುಭವವನ್ನು ನೋಡಿದರೆ ನಮ್ಮ ದಾರಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಸಾಗಿಸಲೆಂದೇ ಎರಡಡಿ ಅಗಲದ ಸುಮಾರು 4,000 ಕಿಲೋಮೀಟರ್ ರೈಲುಹಳಿಗಳಿವೆ. ಖಾಲಿ ಡಬ್ಬಿಗಳು ಯಾವ ಹೊಲದ ಬಳಿಗೆ ಯಾವಾಗ ಹೋಗಬೇಕು, ತುಂಬಿದವು ಯಾವಾಗ ಗಾಣಕ್ಕೆ ಮರಳಬೇಕು ಎಂಬುದನ್ನು ಅಲ್ಲಿ ದಶಕಗಳಿಂದ ಗಣಕಯಂತ್ರದ ನೆರವಿನಿಂದ ಗೊತ್ತುಮಾಡುತ್ತ ಬಂದಿದ್ದಾರೆ.

ನಮ್ಮ ದೇಶದ ಉತ್ತರ ಪ್ರದೇಶದ ಉದಾಹರಣೆ ಇನ್ನೂ ಉಪಯುಕ್ತವಾದುದು. ಅಲ್ಲಿ ಕಬ್ಬನ್ನು ಕಡಿದು ತರುವ ಹೊಣೆ ರೈತನದೇ. ಅವನಿಗೆ ಬೇಕಾದದ್ದು ‘ಪರ್ಚಿ’ ಎಂಬ ಚೀಟಿ. ಈ ಪರ್ಚಿಗಾಗಿ ದಲ್ಲಾಳಿಗಳ ಹಿಂದೆ ಅಲೆಯುವುದು ಅಲ್ಲಿಯ ಹಳೆಯ ಬೇನೆಯಾಗಿತ್ತು. 2019ರ ಸುಮಾರಿಗೆ ಆ ರಾಜ್ಯವು ಇ-ಗನ್ನಾ ಎಂಬ ಮೊಬೈಲ್ ಸಾಧನವನ್ನು ತಂದು, ರೈತನ ಸಮೀಕ್ಷೆಯ ಕ್ಷೇತ್ರ, ಅವನ ಪಾಲಿನ ಪ್ರಮಾಣ, ಯಾವ ಪಕ್ಷದಲ್ಲಿ ಅವನ ಪರ್ಚಿ ಬರುವುದೆಂಬ ಪಂಚಾಂಗ ಇವೆಲ್ಲವನ್ನು ಅವನೇ ನೋಡುವಂತೆ ಮಾಡಿತು. ಚೀಟಿಯು ಮೊಬೈಲಿಗೆ ಸಂದೇಶವಾಗಿ ಬರತೊಡಗಿತು. ಗಣಕಯಂತ್ರವು ಲೆಕ್ಕ ಹಾಕಿದ್ದಕ್ಕಿಂತಲೂ ಆ ಲೆಕ್ಕವು ರೈತನ ಕಣ್ಣಿಗೆ ಬಿದ್ದುದು ಅಲ್ಲಿ ಮುಖ್ಯವಾದ ಸಂಗತಿ. ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಅಲ್ಲಿಯ ಕೃಷಿ ಅಭಿವೃದ್ಧಿ ಟ್ರಸ್ಟು ಮೈಕ್ರೋಸಾಫ್ಟ್ ಸಂಸ್ಥೆಯ ಜೊತೆಗೂಡಿ, ಉಪಗ್ರಹದ ಚಿತ್ರ ಮತ್ತು ಹೊಲದಲ್ಲಿ ನೆಟ್ಟ ಸಂವೇದಕಗಳ ಸಹಾಯದಿಂದ ಕಬ್ಬಿನ ಬೆಳೆಯನ್ನು ಗಮನಿಸುವ ಪ್ರಯೋಗವನ್ನು ನಡೆಸಿದೆ.

ನಮ್ಮಲ್ಲಿಯ ಪದ್ಧತಿ ಉತ್ತರ ಪ್ರದೇಶಕ್ಕಿಂತ ಬೇರೆ. ಇಲ್ಲಿ ಕಟಾವು, ಸಾಗಾಣಿಕೆಗಳನ್ನು ಹೆಚ್ಚಾಗಿ ಕಾರ್ಖಾನೆಯೇ ಏರ್ಪಡಿಸಿ, ಅದರ ಖರ್ಚನ್ನು ಕಬ್ಬಿನ ಬೆಲೆಯಲ್ಲಿ ಹಿಡಿದುಕೊಳ್ಳುತ್ತದೆ. ಪಾಳಿ ಬಂದರೆ ಸಾಲದು, ಗ್ಯಾಂಗೂ ಬರಬೇಕು. ಹೀಗಾಗಿ ನಮ್ಮ ರೈತನು ಎರಡು ಕಡೆಯಿಂದ ಪರಾಧೀನನು.

‘ಕಂಪ್ಯೂಟರಿಗೆ ಹೊಲ ತೋರಿಸಿದವರು ಯಾರು?’

ಇಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹೊಲದ ಬದುವಿಗೆ ಹೊಂದಿಕೊಂಡ ಎರಡೆಕರೆಯ ಒಡತಿಯಾದ ತಾಯಿಯೊಬ್ಬರು ಆ ವರ್ಷವೇ ಪತಿಯನ್ನು ಕಳೆದುಕೊಂಡಿದ್ದರು. ಅವರದು ಆಗಸ್ಟಿನ ಅಡಸಾಲಿ ಕಬ್ಬು. ಡಿಸೆಂಬರಿನಲ್ಲಿ, ತಪ್ಪಿದರೆ ಜನವರಿಯಲ್ಲಿ ಹೋಗಬೇಕು. ಸುತ್ತಲಿನ ಹೊಲಗಳೆಲ್ಲ ಬಯಲಾದವು. ಅವರ ಕಬ್ಬು ಮಾತ್ರ ಹೂಬಿಟ್ಟು ನಿಂತಿತ್ತು. ಅವರೊಡನೆ ನಾವೂ ಕಾರ್ಖಾನೆಯ ಕಚೇರಿಗೆ ಹೋದೆವು.

“ಸಾಹೇಬರ, ಎಲ್ಲಾರದೂ ಹೋತು, ನಮ್ಮದಷ್ಟ ಯಾಕ ಉಳೀತ್ರಿ?” ಎಂದು ಅವರು ಕೇಳಿದರು.

“ನಾವೇನ ಮಾಡೂಣ್ರಿ ಅವ್ವಾರ, ಕಂಪ್ಯೂಟರದಾಗ ನಿಮ್ಮ ಪಾಳಿ ಇನ್ನೂ ಬಂದಿಲ್ರಿ” ಎಂದು ಕುಳಿತವರು ಹೇಳಿದರು. ಅದರಲ್ಲಿ ಉದ್ಧಟತನವಿರಲಿಲ್ಲ, ಪರದೆಯ ಮೇಲೆ ಇದ್ದುದನ್ನೇ ಅವರು ಓದಿದ್ದರು.

ಆ ತಾಯಿ ಒಂದು ಕ್ಷಣ ಸುಮ್ಮನಿದ್ದು, “ಅಲ್ರಿ, ಆ ಕಂಪ್ಯೂಟರಿಗೆ ನಮ್ಮ ಹೊಲ ತೋರಿಸಿದವ್ರು ಯಾರ್ರಿ?” ಎಂದರು.

ಆ ಪ್ರಶ್ನೆಯ ಬೆನ್ನು ಹಿಡಿದು ವಹಿಗಳನ್ನು ತೆಗೆಸಿದಾಗ ನಿಜಸಂಗತಿ ತಿಳಿಯಿತು. ನೋಂದಣಿಯ ದಿನಗಳಲ್ಲಿ ಮನೆಯ ಯಜಮಾನರು ಆಸ್ಪತ್ರೆಯಲ್ಲಿದ್ದರು. ಬಂದವನು ಹೊಲಕ್ಕೆ ಹೋಗದೆ, ಹಾದಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಆಗಸ್ಟಿನ ಬದಲು ಅಕ್ಟೋಬರೆಂದು ಬರೆದುಕೊಂಡಿದ್ದನು. ಯಾರ ಮನಸ್ಸಿನಲ್ಲಿಯೂ ಮೋಸವಿರಲಿಲ್ಲ. ಆದರೆ ಎರಡು ತಿಂಗಳ ಆ ತಪ್ಪನ್ನು ಯಂತ್ರವು ಸತ್ಯವೆಂದು ನಂಬಿ, ತನ್ನ ನ್ಯಾಯದಂತೆ ಅವರ ಹೊಲವನ್ನು ಹಿಂದಕ್ಕೆ ತಳ್ಳಿತ್ತು. ತಿದ್ದುಪಡಿಯಾಗಿ ಗ್ಯಾಂಗು ಬರುವಷ್ಟರಲ್ಲಿ ಮಾರ್ಚ್ ಕಾಲಿಟ್ಟಿತ್ತು. ಅಂದಾಜಿಗಿಂತ ಹತ್ತು ಟನ್ನಿಗೂ ಮಿಕ್ಕಿ ತೂಕ ಇಳಿಯಿತು. ಸೊಸೈಟಿಯ ಬಡ್ಡಿರಹಿತ ಸಾಲದ ಅವಧಿ ದಾಟಿ ಬಡ್ಡಿ ಬಿದ್ದಿತು. ಮಗಳ ಮದುವೆ ಒಂದು ವರ್ಷ ಮುಂದೆ ಹೋಯಿತು.

ಆ ದಿನದಿಂದ ನಾವು ಒಂದು ಮಾತನ್ನು ಮರೆತಿಲ್ಲ. ಗಣಕಯಂತ್ರಕ್ಕೆ ಹೊಲ ಕಾಣುವುದಿಲ್ಲ. ಹೊಲವನ್ನು ಕುರಿತು ನಾವು ಬರೆದ ಅಕ್ಷರ ಮಾತ್ರ ಕಾಣುತ್ತದೆ. ಅಕ್ಷರ ಸತ್ಯವಾಗಿದ್ದರೆ ಅದರಷ್ಟು ನಿಷ್ಪಕ್ಷಪಾತಿಯಾದ ಪಂಚ ಮತ್ತೊಬ್ಬನಿಲ್ಲ. ದೊಡ್ಡ ಹೊಲ, ಸಣ್ಣ ಹೊಲ, ನೆಂಟ, ಪರಕೀಯ ಎಂಬ ಭೇದ ಅದಕ್ಕೆ ತಿಳಿಯದು. ಅಕ್ಷರ ಸುಳ್ಳಾಗಿದ್ದರೆ ಅದೇ ಯಂತ್ರವು ಆ ಸುಳ್ಳನ್ನು ಯಾರೂ ಪ್ರಶ್ನಿಸದಂತೆ ಗಟ್ಟಿಮಾಡಿ ಇಡುತ್ತದೆ. ಫೀಲ್ಡ್‌ಮನ್ನನೊಡನೆ ವಾದಿಸಬಹುದಾಗಿತ್ತು, ಪರದೆಯೊಡನೆ ಯಾರು ವಾದಿಸುತ್ತಾರೆ?

ಮನೆಮನೆಯ ಕರ್ತವ್ಯ

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನೋಂದಣಿಯ ದಿನ ಮನೆಯವರೊಬ್ಬರು ಹೊಲದಲ್ಲಿ ಹಾಜರಿರಬೇಕು. ಹೆಸರು, ಸರ್ವೆ ನಂಬರು, ಕ್ಷೇತ್ರ, ತಳಿ, ತಾರೀಖು ಈ ಐದನ್ನೂ ಓದಿಸಿ ಕೇಳಿ, ಪಾವತಿಯನ್ನು ಕೇಳಿ ಪಡೆದು, ಅದನ್ನು ಉತಾರದ ಜೊತೆಗೆ ಜೋಪಾನವಾಗಿ ಇಡಬೇಕು. ಯಜಮಾನರು ತೀರಿಕೊಂಡ ಮನೆಗಳಲ್ಲಿ ವಾರಸಾ ನೋಂದಣಿಯನ್ನು ಮುಂದೂಡದೆ, ಒಡತಿಯ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಕಾರ್ಖಾನೆಯಲ್ಲಿ ಬರೆಸಬೇಕು. ನಿಧನರಾದವರ ಮೊಬೈಲಿಗೆ ಹೋಗುವ ಸಂದೇಶ ಯಾರ ಉಪಯೋಗಕ್ಕೂ ಬಾರದು.

ಎರಡನೆಯದಾಗಿ, ಊರಿನ ಪಾಳಿಪಟ್ಟಿಯು ಊರಿನವರ ಕಣ್ಣಿಗೆ ಬೀಳುವಂತಿರಬೇಕು. ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಹೊಲಗಳ ಕ್ರಮವನ್ನೂ ನಾಟಿಯ ತಾರೀಖನ್ನೂ ವಾರಕ್ಕೊಮ್ಮೆ ಅಂಟಿಸಲು ಕಾರ್ಖಾನೆಗೆ ಹೆಚ್ಚಿನ ಖರ್ಚೇನೂ ಬರದು. ಯಾರ ಹೊಲದಲ್ಲಿ ಯಾವಾಗ ನಾಟಿಯಾಯಿತೆಂಬುದು ನೆರೆಯವರಿಗೆ ಗೊತ್ತೇ ಇರುತ್ತದೆ; ತಪ್ಪಿದ್ದರೆ ಒಂದೇ ದಿನದಲ್ಲಿ ಬಯಲಾಗುತ್ತದೆ. ಪಟ್ಟಿ ಮುಚ್ಚಿಟ್ಟಷ್ಟೂ ಸಂಶಯ ಬೆಳೆಯುತ್ತದೆ. ಸಂಶಯ ಬೆಳೆದಲ್ಲಿ ವಶೀಲಿ ಹುಟ್ಟುತ್ತದೆ. ಸಹಕಾರಿ ಕಾರ್ಖಾನೆಗಳ ಸದಸ್ಯರಾದ ನಾವು ವಾರ್ಷಿಕ ಸಭೆಯಲ್ಲಿ ಲಾಭಾಂಶವನ್ನು ಕೇಳುವಂತೆ ಪಾಳಿಯ ಲೆಕ್ಕವನ್ನೂ ಕೇಳಬೇಕು.

ಮೂರನೆಯದಾಗಿ, ಬೀಡ, ವಿಜಯಪುರಗಳ ಕಡೆಯಿಂದ ಮಕ್ಕಳುಮರಿಗಳೊಡನೆ ಬಂದು ನಮ್ಮ ಹೊಲಗಳನ್ನು ಕಡಿಯುವ ದುಡಿಮೆಗಾರರನ್ನು ಈ ಲೆಕ್ಕದಿಂದ ಹೊರಗಿಡಬಾರದು. ಅವರ ಕೂಲಿ ಟನ್ನಿನ ಲೆಕ್ಕದ್ದು. ವೇಳಾಪಟ್ಟಿ ತಪ್ಪಿ ಗಾಡಿ ಬಾರದ ದಿನ, ಮಳೆಗೆ ಕಟಾವು ನಿಂತ ದಿನ ಅವರ ಒಲೆಯೂ ತಣ್ಣಗಾಗುತ್ತದೆ. ಗಾಣ ಖಾಲಿ ಕೂಡದಂತೆ ನೋಡುವ ತಂತ್ರಾಂಶವು ಗ್ಯಾಂಗೂ ಖಾಲಿ ಕೂಡದಂತೆ, ನಡುರಾತ್ರಿ ಹೊರೆ ಹೊರುವ ಪ್ರಸಂಗ ಬಾರದಂತೆ ನೋಡಬಲ್ಲದು. ಹಾಗೆ ನೋಡಬೇಕೆಂದು ಅದಕ್ಕೆ ನಾವು ಹೇಳಿಕೊಡಬೇಕಷ್ಟೆ.

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಬೇಕಾದಷ್ಟೇ, ಬೇಕಾದಾಗ ಎಂಬ ತತ್ವವನ್ನು ಇಂದು ಜಗತ್ತಿನ ಕಾರ್ಖಾನೆಗಳು ದೊಡ್ಡ ತಂತ್ರಾಂಶಗಳಿಂದ ಸಾಧಿಸಲು ಹೊರಟಿವೆ. ಲಕ್ಕಮ್ಮನ ಲೆಕ್ಕದಲ್ಲಿ ಇನ್ನೂ ಒಂದು ಅಂಶವಿತ್ತು: ತಾನು ಹೆಚ್ಚು ತೆಗೆದುಕೊಂಡರೆ ಅದು ಮತ್ತೊಬ್ಬರ ಪಾಲು ಎಂಬ ಅರಿವು. ಆ ಅರಿವನ್ನು ಯಾವ ತಂತ್ರಾಂಶವೂ ತಾನಾಗಿ ಹುಟ್ಟಿಸಲಾರದು.

ಆದ್ದರಿಂದ ಆತ್ಮೀಯ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಗಣಕವಿದ್ಯೆ ಕಲಿತ ಮಗನೋ ಮಗಳೋ ಇದ್ದರೆ, ಬರುವ ಹಂಗಾಮಿಗೆ ಮೊದಲು ಒಂದು ರವಿವಾರ ಅವರನ್ನು ಕರೆದುಕೊಂಡು ಹೊಲಕ್ಕೆ ಹೋಗಿರಿ. ನಿಮ್ಮ ಹೊಲದ ದಾಖಲೆಯನ್ನು ನೋಡಿರಿ; ಬದುವಿನಾಚೆಯ ಓದು ಬಾರದ ಹಿರಿಯರ ದಾಖಲೆಯನ್ನೂ ನೋಡಿಕೊಡಿರಿ. ತಾರೀಖು ತಪ್ಪಿದ್ದರೆ ಕಬ್ಬು ಹೂ ಬಿಡುವ ಮೊದಲೇ ತಿದ್ದಿಸಿರಿ. ಕಂಪ್ಯೂಟರಿಗೆ ನಮ್ಮ ಹೊಲವನ್ನು ತೋರಿಸಬೇಕಾದವರು ನಾವೇ.